ಉಮ್ರಾ ಯಾತ್ರೆಯ ಕೋಣೆ: ಪತ್ನಿಯನ್ನೂ ಕೇಳಿದ್ದೀರಾ?

ಕೊಂಡ್ಲಹಳ್ಳಿಯ ಒಂದು ಮನೆಯಲ್ಲಿ ಇಶಾ ನಮಾಝಿನ ಬಳಿಕ ನಾಲ್ಕು ಮಂದಿ ಗಂಡಸರು ಕುಳಿತಿದ್ದರು. ಇಬ್ಬರು ಅಣ್ಣತಮ್ಮಂದಿರು, ಒಬ್ಬರು ನೆರೆಯವರು, ಇನ್ನೊಬ್ಬರು ಹಳೆಯ ಸ್ನೇಹಿತರು. ನಾಲ್ವರೂ ಪತ್ನಿಯರೊಂದಿಗೆ ಉಮ್ರಾಕ್ಕೆ ಹೊರಡಲು ನಿರ್ಧರಿಸಿದ್ದರು. ಶೇಂಗಾ ಬೆಳೆ ಕೈಹಿಡಿದ ವರ್ಷ ಒಂದಿಷ್ಟು, ಕೈಕೊಟ್ಟ ವರ್ಷ ಏನೂ ಇಲ್ಲ ಎಂಬಂತೆ ಹಲವು ವರ್ಷಗಳಿಂದ ಕೂಡಿಟ್ಟ ಹಣವದು. ಟ್ರಾವೆಲ್ಸ್‌ನವರು ಕೊಟ್ಟ ಹಾಳೆಯಲ್ಲಿ ಇಬ್ಬರ ಕೋಣೆಗೆ ಒಂದು ದರ, ನಾಲ್ವರ ಕೋಣೆಗೆ ಇನ್ನೊಂದು ದರ ಎಂದು ಬರೆದಿತ್ತು. ನಾಲ್ವರ ಕೋಣೆಯೇ ಅಗ್ಗ. "ಎರಡು ಕೋಣೆ ಸಾಕು. ಒಂದೊಂದರಲ್ಲಿ ಎರಡೆರಡು ಜೋಡಿ. ನಡುವೆ ಒಂದು ಪರದೆ ಕಟ್ಟಿಕೊಂಡರಾಯಿತು" ಎಂದು ತೀರ್ಮಾನವಾಯಿತು. ಹತ್ತು ನಿಮಿಷವೂ ಹಿಡಿಯಲಿಲ್ಲ.

ಆಗ ಒಳಬಾಗಿಲಿನ ಹಿಂದಿನಿಂದ ಮನೆಯ ಹಿರಿಯ ಹೆಣ್ಣುಮಗಳ ದನಿ ಕೇಳಿಸಿತು: "ಆ ಕೋಣೆಯಲ್ಲಿ ಮಲಗುವವರು ನಾವೂ ಅಲ್ಲವೇ? ನಮ್ಮನ್ನು ಯಾರೂ ಕೇಳಲೇ ಇಲ್ಲವಲ್ಲ!"

ಅಲ್ಲಿದ್ದ ನನಗೂ ಆ ಮಾತು ತಟ್ಟಿತು. ವೀಸಾ, ಟಿಕೇಟು, ಝಮ್‌ಝಮ್ ತರುವ ಡಬ್ಬಿ, ನೆಂಟರಿಗೆ ಹಂಚುವ ಖರ್ಜೂರ, ಇವೆಲ್ಲದರ ಬಗ್ಗೆ ನಾವು ವಾರಗಟ್ಟಲೆ ಚರ್ಚಿಸುತ್ತೇವೆ. ಆದರೆ ಯಾತ್ರೆಯುದ್ದಕ್ಕೂ ಒಬ್ಬ ಮಹಿಳೆ ಎಲ್ಲಿ ಮಲಗುತ್ತಾಳೆ, ಎಲ್ಲಿ ಬಟ್ಟೆ ಬದಲಿಸುತ್ತಾಳೆ, ಯಾರ ಮುಂದೆ ತಲೆವಸ್ತ್ರ ತೆಗೆಯಬಲ್ಲಳು ಎಂಬುದನ್ನು ಯೋಚಿಸುವುದೇ ಇಲ್ಲ.

ಹಿಂದಿನವರಿಗೆ ಇಂತಹ ಆಯ್ಕೆ ಇರಲಿಲ್ಲ. 1995ರವರೆಗೂ ಮುಂಬಯಿಯಿಂದ ಜಿದ್ದಾಕ್ಕೆ ಹಡಗಿನಲ್ಲಿ ಹಜ್ಜ್ ಯಾತ್ರೆ ನಡೆಯುತ್ತಿತ್ತು. ನಮ್ಮ ಒಳನಾಡಿನ ಯಾತ್ರಿಕರು ಮೊದಲು ಮುಂಬಯಿ ಸೇರಿ, ಮುಸಾಫಿರ್‌ಖಾನೆಯಲ್ಲಿ ತಂಗಿ, ಸರದಿ ಬಂದಾಗ ಹಡಗು ಹತ್ತಬೇಕಿತ್ತು. ಸುಮಾರು 2,300 ನಾಟಿಕಲ್ ಮೈಲಿಗಳ ಸಮುದ್ರಮಾರ್ಗ. ಯಲಮ್‌ಲಮ್‌ನ ನೇರಕ್ಕೆ ಬಂದಾಗ ಹಡಗಿನಲ್ಲಿಯೇ ಇಹ್ರಾಮ್. ಹಣವುಳ್ಳವರಿಗೆ ಕ್ಯಾಬಿನ್, ಬಡವರಿಗೆ ಡೆಕ್. ಡೆಕ್ಕಿನ ಯಾತ್ರಿಕರಿಗೆ ಖಾಸಗಿತನವೆಂಬುದು ಕೈಗೆಟುಕದ ಮಾತಾಗಿತ್ತು. ಅವರು ಅನಿವಾರ್ಯವಾಗಿ ಸಹಿಸಿದ್ದನ್ನು, ಆಯ್ಕೆ ಇರುವಾಗಲೂ ನಾವು ನಮ್ಮ ಹೆಣ್ಣುಮಕ್ಕಳ ಮೇಲೆ ಹೇರುವುದು ಸರಿಯೇ?

ಪವಿತ್ರ ಕುರ್‌ಆನ್ ಈ ವಿಷಯದಲ್ಲಿ ನಮ್ಮನ್ನು ಕತ್ತಲಲ್ಲಿ ಬಿಟ್ಟಿಲ್ಲ. ಸೂರಃ ಅನ್ನೂರ್‌ನ 58ನೇ ವಚನವನ್ನು ಗಮನಿಸಿರಿ. ದಿನದ ಮೂರು ಹೊತ್ತುಗಳನ್ನು, ಅಂದರೆ ಫಜ್ರ್ ನಮಾಝಿಗೆ ಮುಂಚೆ, ಮಧ್ಯಾಹ್ನ ಉಡುಪು ಸಡಿಲಿಸುವ ವೇಳೆ ಮತ್ತು ಇಶಾ ನಮಾಝಿನ ಬಳಿಕ, ಅದು ಖಾಸಗಿತನದ ಹೊತ್ತುಗಳೆಂದು ಗುರುತಿಸುತ್ತದೆ. ಆ ವೇಳೆಗಳಲ್ಲಿ ಮನೆಯ ಸೇವಕರೂ, ಪ್ರಾಯಕ್ಕೆ ಬಾರದ ಮಕ್ಕಳೂ ಅನುಮತಿ ಕೇಳಿಯೇ ಒಳಬರಬೇಕೆಂದು ಕಲಿಸುತ್ತದೆ. ಸ್ವಂತ ಮನೆಯ ಪುಟ್ಟ ಮಕ್ಕಳಿಗೇ ಈ ಶಿಸ್ತು ಇರುವಾಗ, ಆ ಮೂರೂ ಹೊತ್ತುಗಳನ್ನು ಮಹ್ರಮ್ ಅಲ್ಲದ ಪುರುಷನೊಂದಿಗೆ ಒಂದೇ ಕೋಣೆಯಲ್ಲಿ ಕಳೆಯುವುದಕ್ಕೆ ಒಂದು ಪರದೆ ಪರಿಹಾರವಾದೀತೇ? ಪರದೆ ಕಣ್ಣನ್ನು ತಡೆಯಬಹುದು. ನಿದ್ದೆಯಲ್ಲಿನ ಹೊರಳಾಟ, ಕೆಮ್ಮು, ಪಿಸುಮಾತು, ನಡುರಾತ್ರಿ ಶೌಚಾಲಯಕ್ಕೆ ಎದ್ದುಹೋಗುವ ಸಂಕೋಚ, ಇವನ್ನು ಅದು ತಡೆಯಲಾರದು.

"ಅವನು ಪರಕೀಯನೇ? ನನ್ನ ತಮ್ಮನಲ್ಲವೇ?" ಎಂದು ಕೆಲವರು ಕೇಳುತ್ತಾರೆ. ತಮ್ಮ ನಿಮಗೆ ತಮ್ಮ, ನಿಮ್ಮ ಪತ್ನಿಗೆ ಮಹ್ರಮ್ ಅಲ್ಲ. ಗಂಡನ ಕಡೆಯ ಬಂಧುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕೆಂದು ಪ್ರವಾದಿವರ್ಯರು(ಸ) ಕಟುವಾಗಿಯೇ ತಿಳಿಸಿರುವ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳೆರಡರಲ್ಲೂ ಇದೆ. ಇದರರ್ಥ ಮೈದುನನ ಮೇಲೆ ಸಂಶಯಪಡಬೇಕೆಂದಲ್ಲ. ಸಲುಗೆಯಿರುವಲ್ಲಿಯೇ ಎಚ್ಚರ ಸಡಿಲವಾಗುತ್ತದೆ ಎಂಬುದೇ ಅದರ ಹಿಂದಿನ ವಿವೇಕ.

ಈಗ ಲೆಕ್ಕಕ್ಕೆ ಬರೋಣ. ನಾಲ್ಕು ದಂಪತಿಗಳಿಗೆ ನಾಲ್ಕು ಹಾಸಿಗೆಯ ಎರಡು ಕೋಣೆಗಳು. ಒಂದೊಂದರಲ್ಲಿ ಎರಡೆರಡು ಜೋಡಿ ತಂಗಿದರೂ, ಒಂದರಲ್ಲಿ ನಾಲ್ವರು ಮಹಿಳೆಯರು ಮತ್ತೊಂದರಲ್ಲಿ ನಾಲ್ವರು ಪುರುಷರು ತಂಗಿದರೂ ತೆರುವ ಹಣ ಒಂದೇ. ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ. ಆದರೆ ಎರಡನೆಯ ಏರ್ಪಾಡಿನಲ್ಲಿ ಆ ಮಹಿಳೆಯರು ತಲೆವಸ್ತ್ರ ತೆಗೆದು, ಕೂದಲು ಬಾಚಿ, ನೋಯುವ ಕಾಲಿಗೆ ಎಣ್ಣೆ ಹಚ್ಚಿ, ನೆಮ್ಮದಿಯಿಂದ ಮಲಗಬಲ್ಲರು. ಮುಟ್ಟಿನ ದಿನಗಳು ಬಂದರೆ ಯಾರಿಗೂ ಮರೆಮಾಚಬೇಕಿಲ್ಲ. ಹಜ್ಜ್ ಯಾತ್ರೆಯ ಹಾದಿಯಲ್ಲಿ ಹಝ್ರತ್ ಆಯಿಶಾ(ರ)ರಿಗೆ ಮುಟ್ಟು ಬಂದಾಗ ಅವರು ಅತ್ತರು. ಇದು ಆದಮರ ಹೆಣ್ಣುಮಕ್ಕಳಿಗೆಲ್ಲ ಅಲ್ಲಾಹನು ವಿಧಿಸಿದ್ದೆಂದು ಪ್ರವಾದಿವರ್ಯರು(ಸ) ಸಂತೈಸಿದರು. ಅಂತಹ ಗಳಿಗೆಯಲ್ಲಿ ಗಂಡನ ಸ್ನೇಹಿತನಿರುವ ಕೋಣೆಯಲ್ಲಿ ಮುದುಡಿ ಕೂರುವ ಸ್ಥಿತಿಯನ್ನು ನಮ್ಮ ಪತ್ನಿಯರಿಗೆ ತರಬೇಕೇ?

2025ರ ಹಜ್ಜ್ ಯಾತ್ರೆಗೆ ಭಾರತೀಯ ಹಜ್ಜ್ ಸಮಿತಿಯು ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕ ಕೋಣೆಗಳೆಂಬ ಕ್ರಮವನ್ನು ಪ್ರಕಟಿಸಿದಾಗ ಅನೇಕರು ಆತಂಕಗೊಂಡರು. ಆ ಆತಂಕವನ್ನು ತಳ್ಳಿಹಾಕಲಾಗದು. ಎಪ್ಪತ್ತು ದಾಟಿದ ಪತ್ನಿಗೆ ಇನ್ಸುಲಿನ್ ಕೊಡುವವರು ಗಂಡ. ಕಿವಿ ಮಂದವಾದ ಗಂಡನಿಗೆ ಫಜ್ರ್‌ಗೆ ಎಬ್ಬಿಸುವವಳು ಹೆಂಡತಿ. ಮೊಳಕಾಲ್ಮೂರಿನಾಚೆ ಒಂಟಿಯಾಗಿ ಹೋಗಿಯೇ ಇಲ್ಲದ ಹೆಂಗಸು ಬಹುಮಹಡಿ ವಸತಿಗೃಹದ ಲಿಫ್ಟಿನ ಮುಂದೆ ದಿಕ್ಕುಗೆಡುವುದು ಸಹಜ. ಪತ್ನಿ ಹಜ್ಜ್‌ಗೆ ಹೊರಟಿದ್ದಾಳೆಂದ ಸಹಾಬಿಯೊಬ್ಬರಿಗೆ, ಯುದ್ಧಯಾತ್ರೆಗೆ ಹೆಸರು ಬರೆಸಿದ್ದರೂ ಅದನ್ನು ಬಿಟ್ಟು ಪತ್ನಿಯ ಜೊತೆ ಹೋಗುವಂತೆ ಪ್ರವಾದಿವರ್ಯರು(ಸ) ಸೂಚಿಸಿದ್ದರು. ಜೊತೆಗಿರುವುದು ಅಷ್ಟು ಮುಖ್ಯ.

ಆದರೆ ಜೊತೆ ಎಂದರೇನು? ಒಂದೇ ಕೋಣೆಯಲ್ಲಿ ಮಲಗುವುದಷ್ಟೇ ಅಲ್ಲ. ಮುಝ್ದಲಿಫಾದ ರಾತ್ರಿ, ಮೈಭಾರದಿಂದ ನಿಧಾನವಾಗಿ ನಡೆಯುತ್ತಿದ್ದ ಹಝ್ರತ್ ಸೌದಾ(ರ)ರಿಗೆ ಜನಸಂದಣಿಗೆ ಮುಂಚೆಯೇ ಹೊರಡಲು ಪ್ರವಾದಿವರ್ಯರು(ಸ) ಅನುಮತಿಯಿತ್ತರು. ತಾವು ಜೊತೆಗೆ ಹೊರಡಲಿಲ್ಲ, ಆದರೆ ಅವರ ಅಗತ್ಯವನ್ನು ಅರಿತು ನಡೆದುಕೊಂಡರು. ಮಿನಾದ ಡೇರೆಗಳಲ್ಲಿಯೂ ಗಂಡಸರು ಹೆಂಗಸರು ಬೇರೆಬೇರೆಯಾಗಿಯೇ ತಂಗುತ್ತಾರೆ. ಅದರಿಂದ ಯಾರ ದಾಂಪತ್ಯವೂ ಸಡಿಲವಾಗಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು. ಮುಂಗಡ ಹಣ ಕೊಡುವ ಮುನ್ನ ಹೊರಡುವ ಎಲ್ಲ ಮಹಿಳೆಯರನ್ನೂ ಕೂರಿಸಿ ಕೇಳಿರಿ. ಅದೂ ಗಂಡಸರೆಲ್ಲ ನೆರೆದಿರುವಲ್ಲಿ ಬೇಡ. ಅಲ್ಲಿ ಅವರು "ನೀವು ಹೇಳಿದಂತೆ" ಎಂದೇ ಅನ್ನುವರು. ಪ್ರತಿಯೊಬ್ಬರೂ ತಂತಮ್ಮ ಮನೆಯಲ್ಲಿ ಕೇಳಲಿ. ಎರಡೂ ಕೋಣೆಗಳು ಒಂದೇ ಮಹಡಿಯಲ್ಲಿ, ಆದಷ್ಟು ಅಕ್ಕಪಕ್ಕದಲ್ಲಿರಬೇಕೆಂದು ಟ್ರಾವೆಲ್ಸ್‌ನವರಿಂದ ಬರವಣಿಗೆಯಲ್ಲಿ ಪಡೆಯಿರಿ. ಔಷಧಿಗಳನ್ನು ಒಂದೇ ಚೀಲದಲ್ಲಿ ಇಡದೆ ಅವರವರ ಚೀಲದಲ್ಲಿ, ಹೊತ್ತು ಬರೆದು ಇಡಿರಿ. ವಸತಿಗೃಹದ ವಿಳಾಸದ ಚೀಟಿ ಪ್ರತಿಯೊಬ್ಬ ಮಹಿಳೆಯ ಕೈಯಲ್ಲೂ ಇರಲಿ. ಹರಮ್‌ಗೆ ಹೋಗುವಾಗ ಎಲ್ಲಿ, ಯಾವ ಹೊತ್ತಿಗೆ ಸೇರಬೇಕೆಂಬುದು ಮೊದಲೇ ಗೊತ್ತಾಗಿರಲಿ.

ತಂಡದಲ್ಲಿ ಒಬ್ಬರನ್ನೊಬ್ಬರು ಬಿಟ್ಟಿರಲಾಗದ ರೋಗಿ ದಂಪತಿಗಳಿದ್ದರೆ, ಉಮ್ರಾದಲ್ಲಿ ಅವರಿಗೆ ಪ್ರತ್ಯೇಕ ಕೋಣೆ ಕೊಡಿಸಿ, ಹೆಚ್ಚುವರಿ ಖರ್ಚನ್ನು ಉಳಿದವರು ಹಂಚಿಕೊಳ್ಳಲಿ. ಅದೂ ಯಾತ್ರೆಯ ಪುಣ್ಯದ ಭಾಗವೇ. ಅನುಕೂಲವಿರುವವರು ಇಬ್ಬರ ಕೋಣೆಯನ್ನೇ ತೆಗೆದುಕೊಳ್ಳಲಿ. ಇಹ್ರಾಮಿನಿಂದ ಹೊರಬಂದ ಬಳಿಕ ಗಂಡಹೆಂಡಿರ ಸಾಮೀಪ್ಯ ಧರ್ಮಸಮ್ಮತ. ಅದನ್ನು ಬಯಸುವುದು ನಾಚಿಕೆಗೇಡಲ್ಲ. ಆದರೆ ಅದಕ್ಕಾಗಿ ಸಾಲ ಮಾಡಬೇಡಿರಿ. ಕಡ್ಡಾಯವಾದ ಹಜ್ಜನ್ನೇ ಅಲ್ಲಾಹನು ಸಾಮರ್ಥ್ಯವುಳ್ಳವರ ಮೇಲೆ ಮಾತ್ರ ವಿಧಿಸಿದ್ದಾನೆ.

ಕುರ್‌ಆನ್ ಪತಿಪತ್ನಿಯರನ್ನು ಪರಸ್ಪರರ ಉಡುಪಿಗೆ ಹೋಲಿಸಿದೆ. ಉಡುಪಿನ ಕೆಲಸ ಮೈಯನ್ನು ಮುಚ್ಚಿ ಕಾಪಾಡುವುದು. ಪತ್ನಿಯ ಲಜ್ಜೆಯನ್ನು ಊರಿನಲ್ಲಿ ಕಾಪಾಡಿ, ಪವಿತ್ರ ನಗರಕ್ಕೆ ಹೋಗಿ ಅದನ್ನು ಒಂದು ಪರದೆಯ ತುಂಡಿಗೆ ಒಪ್ಪಿಸುವವನು ಎಂತಹ ಉಡುಪು?

ಅಂದಿನ ರಾತ್ರಿ ಆ ಹಾಳೆಯನ್ನು ಮತ್ತೆ ಬಿಚ್ಚಲಾಯಿತು. ಹಿರಿಯಣ್ಣ ಹಾಳೆಯನ್ನು ಒಳಗೆ ಕಳುಹಿಸಿದರು. ಸ್ವಲ್ಪ ಹೊತ್ತಿನ ಬಳಿಕ ಅದು ಹೊರಬಂದಾಗ, ಒಂದು ಕೋಣೆಯ ಮುಂದೆ ನಾಲ್ವರು ಮಹಿಳೆಯರ ಹೆಸರುಗಳಿದ್ದವು. ಕಿಟಕಿಯ ಪಕ್ಕದ ಹಾಸಿಗೆ ಯಾರಿಗೆಂಬುದೂ ಅಲ್ಲಿ ನಿರ್ಧಾರವಾಗಿತ್ತು.

ಅಲ್ಲಾಹನು ನಮ್ಮ ಯಾತ್ರೆಗಳನ್ನು ಸ್ವೀಕರಿಸಲಿ, ನಮ್ಮ ಕುಟುಂಬಗಳ ಮಾನ ಕಾಪಾಡಲಿ. ಆಮೀನ್.