ಬರೀ ನಾಲ್ಕು ಗಂಟೆಯ ದಾರಿಯಲ್ಲವೇ?



ನಮ್ಮಲ್ಲಿ ಮರಣದ ಗಂಟೆ ಬಾರಿಸಿದ ಕೂಡಲೇ ಮೊದಲ ಪ್ರಶ್ನೆ, ‘ಯಾರು ತೀರಿಕೊಂಡದ್ದು?’ ಎರಡನೆಯದು, ‘ಗಲ್ಫಿನಲ್ಲಿರುವ ಮಗ ಬರುತ್ತಾನಂತೆಯೇ?’ ಮಗ ಬಾರದಿದ್ದರೆ ಅಂಗಳದ ಕುರ್ಚಿಯಲ್ಲಿ ಕುಳಿತ ನಾವೇ ತೀರ್ಪು ಕೊಟ್ಟುಬಿಡುತ್ತೇವೆ: ‘ದುಬೈಯಿಂದ ಬರೀ ನಾಲ್ಕು ಗಂಟೆ. ಮನಸ್ಸಿದ್ದರೆ ಬರಬಹುದಿತ್ತು.’

ಈ ಮಾತನ್ನು ನಾವು ಬಿಡಬೇಕು.

ದುಬೈಯಿಂದ ಮಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 2,450 ಕಿ.ಮೀ. ವಿಮಾನ ಅದನ್ನು ನಾಲ್ಕು ಗಂಟೆಯೊಳಗೆ ದಾಟುತ್ತದೆ ನಿಜ. ಆದರೆ ಅದು ವಿಮಾನದ ಲೆಕ್ಕ, ಮನುಷ್ಯನ ಲೆಕ್ಕವಲ್ಲ. ಮೊದಲು ರಜೆ ಸಿಗಬೇಕು, ಆಮೇಲೆ ಸೀಟು ಸಿಗಬೇಕು. ಮೂರು ಗಂಟೆ ಮೊದಲೇ ವಿಮಾನ ನಿಲ್ದಾಣದಲ್ಲಿರಬೇಕು. ಇಳಿದ ಮೇಲೆ ಇಮಿಗ್ರೇಶನ್ ಸಾಲು, ಲಗೇಜಿನ ಕಾಯುವಿಕೆ. ನಮ್ಮ ಕಾಸರಗೋಡಿನಲ್ಲಿ ವಿಮಾನ ನಿಲ್ದಾಣವಿಲ್ಲ; ಬಜಪೆಯಿಂದ ಇಲ್ಲಿಗೆ ಇನ್ನೂ ಸುಮಾರು 60 ಕಿ.ಮೀ. ರಸ್ತೆ. ಎಲ್ಲ ಸರಿಯಾಗಿ ನಡೆದರೂ ರೂಮಿನ ಬಾಗಿಲಿನಿಂದ ಮನೆಯ ಬಾಗಿಲಿಗೆ ಹತ್ತು ಗಂಟೆ ಬೇಕು.

ಟಿಕೆಟಿನ ಮೇಲಿನ ಸಮಯವೂ ದಾರಿ ತಪ್ಪಿಸುತ್ತದೆ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ 8ಕ್ಕೆ ಹೊರಟರೆ ಇಲ್ಲಿ ಇಳಿಯುವಾಗ ಮಧ್ಯಾಹ್ನ 1.30. ಅದೇ ಇಲ್ಲಿಂದ 8ಕ್ಕೆ ಹೊರಟರೆ ಅಲ್ಲಿ 10.30ಕ್ಕೆ ಇಳಿದಂತೆ ಕಾಣುತ್ತದೆ. ಹೋಗುವುದು ಹತ್ತಿರ, ಬರುವುದು ದೂರ!

ಕಳೆದ ಮಳೆಗಾಲದಲ್ಲಿ ನಮ್ಮ ವಾಳೆಯಲ್ಲೇ ಒಂದು ತಪ್ಪು ನಡೆಯಿತು. ತಾಯಿ ತೀರಿಕೊಂಡಿದ್ದರು. ಮಗನ ವಿಮಾನ 1.30ಕ್ಕೆ ಇಳಿಯುತ್ತದೆ ಎಂದು ನಾವು ಅಂತ್ಯಕ್ರಿಯೆಯನ್ನು 4 ಗಂಟೆಗೆ ಇಡಿಸಿದೆವು. ಬಜಪೆಯ ರನ್‌ವೇ ಗುಡ್ಡದ ತುದಿಯಲ್ಲಿದೆ. ಜೋರು ಮಳೆಯಲ್ಲಿ ಇಳಿಯಲಾಗದೆ ವಿಮಾನ ಬೆಂಗಳೂರಿಗೆ ಹೋಯಿತು. ಅಲ್ಲಿಂದ ಘಾಟಿ ಇಳಿದು ಅವರು ಮನೆ ಮುಟ್ಟುವಾಗ ಮಧ್ಯರಾತ್ರಿ ಕಳೆದಿತ್ತು. ಜನ ಸೇರಿದ್ದಾರೆ, ಮಳೆ ಬರುತ್ತಿದೆ ಎಂದು ನಾವು ಸಂಜೆಯೇ ಮಣ್ಣು ಹಾಕಿ ಮುಗಿಸಿದ್ದೆವು. ಅವರು ಯಾರಿಗೂ ಏನೂ ಅನ್ನಲಿಲ್ಲ. ಬೆಳಗಾಗುವ ಮೊದಲೇ ಟಾರ್ಚು ಹಿಡಿದು ಒಬ್ಬರೇ ಸ್ಮಶಾನಕ್ಕೆ ಹೋದರು.

ಒಂದು ರಾತ್ರಿ ಕಾದಿದ್ದರೆ ನಮ್ಮದೇನು ಹೋಗುತ್ತಿತ್ತು?

ಕಾಯುವುದೂ ಸುಲಭವಲ್ಲ, ಬಲ್ಲೆವು. ಶವಾಗಾರದ ಖರ್ಚು, ಮನೆಯಲ್ಲಿ ವಯಸ್ಸಾದವರ ಆಯಾಸ, ದೂರದಿಂದ ಬಂದ ನೆಂಟರು ಎಲ್ಲವನ್ನೂ ನೋಡಬೇಕು. ಆದರೆ ಸಮಯ ಗೊತ್ತುಮಾಡುವ ಮೊದಲು ಬರುವವರನ್ನೇ ಕೇಳೋಣ. ವಿಮಾನ ಇಳಿಯುವ ಹೊತ್ತಿಗಲ್ಲ, ಅವರು ಮನೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಲೆಕ್ಕ ಹಾಕೋಣ. ಮಳೆಗಾಲದಲ್ಲಾದರೆ ಮರುದಿನ ಬೆಳಿಗ್ಗೆಗೇ ಇಡಲು ಗುರುಗಳಲ್ಲಿ, ಗುರಿಕಾರರಲ್ಲಿ ವಿನಂತಿಸೋಣ. ಕಾರು ತೆಗೆದುಕೊಂಡು ಬಜಪೆಗೆ ಹೋಗುವ ಕೆಲಸ ನಮ್ಮ ಯುವಜನರದಾಗಲಿ.

ಬರಲಾಗದವರೂ ಇರುತ್ತಾರೆ. ಅವರಿಗೆ ಮೊಬೈಲಿನಲ್ಲಿ ಅಂತ್ಯಕ್ರಿಯೆ ತೋರಿಸಿ ಕೈತೊಳೆದುಕೊಳ್ಳುವುದು ಬೇಡ. ಏಳನೆಯ ದಿನವಾದರೂ ಒಂದು ಫೋನ್ ಮಾಡೋಣ. ಮುಂದಿನ ಸಲ ಅಂಗಳದಲ್ಲಿ ಯಾರಾದರೂ ‘ಬರೀ ನಾಲ್ಕು ಗಂಟೆ’ ಎಂದರೆ, ನಮ್ಮಲ್ಲೊಬ್ಬರು ಮೆಲ್ಲಗೆ ಹೇಳೋಣ: ‘ಅದು ವಿಮಾನಕ್ಕೆ.’