ಸ್ವಂತ ಎಂಜಿನ್ನಿನ ಜಂಬ

ಗೇಮ್ ನಡೆಸುವ ತಂತ್ರಾಂಶವಾದ ಎಂಜಿನ್ನನ್ನು ಸ್ವಂತವಾಗಿ ಕಟ್ಟದ ಸ್ಟುಡಿಯೊಗೆ ಸ್ವಾಭಿಮಾನವಿಲ್ಲ ಎಂಬ ಕಳೆದ ಸಂಚಿಕೆಯ ವಾದ ಕೇಳಲು ಸೊಗಸು. ಆದರೆ ‘ದಿ ವಿಚರ್’ ಮಾಡಿದ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್‌ನಂಥ ಭಾರಿ ಕುಳವೇ ತನ್ನ ರೆಡ್‌ಎಂಜಿನ್ ಬದಿಗಿಟ್ಟು ಹೊರಗಿನವರ ಅನ್‌ರಿಯಲ್ 5 ಎಂಜಿನ್ನಿಗೆ ಹೊರಳುವುದಾಗಿ 2022ರಲ್ಲಿ ಸಾರಿತು. ನಾಲ್ಕೈದು ಹುಡುಗರ ತಂಡಕ್ಕೆ ಯಾಕೆ ಈ ಉಪದೇಶ?

ಬಾಡಿಗೆ ಎಂಜಿನ್ನಿನ ಭಯ ಸುಳ್ಳಲ್ಲ. 2023ರ ಸೆಪ್ಟೆಂಬರಿನಲ್ಲಿ ಯೂನಿಟಿ ಎಂಜಿನ್ನಿನ ಕಂಪನಿ, ಮಿತಿ ದಾಟಿದ ಗೇಮ್‌ಗಳ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಘೋಷಿಸಿ, ಬೈಸಿಕೊಂಡು, ವರ್ಷದ ಮೇಲೆ ಕೈಬಿಟ್ಟಿತು. ಅದಕ್ಕೆ ಮದ್ದು ಗೋಡೋದಂಥ ಮುಕ್ತ ಎಂಜಿನ್.

ಇನ್ನು ಗೇಮ್‌ನಲ್ಲಿ ಕನ್ನಡ ಮೂಡಿಸುವ ಮಾತು. ಮಸ್ಕಿಯ ಅಶೋಕ ಶಾಸನದ ಮೇಲೆ ಯಾರಾದರೂ ಗೇಮ್ ಮಾಡಿದರೆ ಪರದೆಯಲ್ಲಿ ಊರಿನ ಹೆಸರಿನ ಒತ್ತಕ್ಷರವಾದರೂ ಕೂಡಬೇಕಲ್ಲ! ಅದನ್ನು ಕೂಡಿಸುವ ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ 2023ರ ಗೋಡೋ 4ರಲ್ಲೇ ಅಡಕವಾಗಿದೆ. ಸ್ವಂತ ಎಂಜಿನ್ನಿನವರು ಅದನ್ನೂ ಮೊದಲಿಂದ ಬರೆಯುತ್ತಾರೆಯೇ? ತಂದು ಜೋಡಿಸಿಕೊಂಡರೆ, ಅದು ಹತ್ತು ಜನರ ಸೊತ್ತೇ ಅಲ್ಲವೇ?