ಲೆಕ್ಕ ಕೇಳುವವರಿಗೆ ಯಾರ ಹಂಗೂ ಇರಬಾರದು

ಎತ್ತಿನಹೊಳೆ ಯೋಜನೆಗೆ 2012ರಲ್ಲಿ ಅನುಮೋದನೆ ದೊರೆತಾಗ ಅದರ ಅಂದಾಜು ವೆಚ್ಚ 8,323 ಕೋಟಿ ರೂಪಾಯಿ. 2014ರಲ್ಲಿ ಅದು 12,912 ಕೋಟಿಗೆ ಏರಿತು. 2023ರಲ್ಲಿ ಸರ್ಕಾರ ಒಪ್ಪಿದ ಪರಿಷ್ಕೃತ ಅಂದಾಜು 23,251 ಕೋಟಿ ರೂಪಾಯಿ. ಮೊದಲ ಹಂತದ ಉದ್ಘಾಟನೆ ನಡೆದದ್ದು 2024ರ ಸೆಪ್ಟೆಂಬರ್‌ನಲ್ಲಿ. ಆಂಧ್ರದ ಗಡಿಗೆ ಹೊಂದಿಕೊಂಡಿರುವ, ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಹೋಬಳಿಯಂಥ ಬರಡು ಸೀಮೆಯಲ್ಲಿ ಕೊಳವೆಬಾವಿಯನ್ನೇ ನಂಬಿ ಬದುಕುವ ರೈತನಿಗೆ ಈ ಅಂಕಿಗಳ ಎದುರು ಎರಡು ಪ್ರಶ್ನೆಗಳು ಏಳುವುದು ಸಹಜ. ನೀರು ಯಾವಾಗ ಬರುತ್ತದೆ ಎಂಬುದು ಒಂದು. ವೆಚ್ಚ ಹೀಗೆ ಬೆಳೆದದ್ದೇಕೆ ಎಂಬುದು ಇನ್ನೊಂದು. ಮೊದಲನೆಯದನ್ನು ಆತ ತನ್ನ ಶಾಸಕರನ್ನು ಕೇಳಬಹುದು. ಎರಡನೆಯದಕ್ಕೆ ಉತ್ತರ ಇರುವುದು ಕಡತಗಳಲ್ಲಿ. ಆ ಕಡತಗಳನ್ನು ಆತನ ಪರವಾಗಿ ಬಿಚ್ಚಿ ನೋಡುವ ಅಧಿಕಾರವನ್ನು ನಮ್ಮ ಸಂವಿಧಾನ ಒಬ್ಬರಿಗೆ ಕೊಟ್ಟಿದೆ. ಅವರೇ ಭಾರತದ ನಿಯಂತ್ರಕರು ಮತ್ತು ಮಹಾಲೇಖಪಾಲರು, ಅಂದರೆ ಸಿಎಜಿ.

ಸಿಎಜಿ ವರದಿ ಬಂದಾಗಲೆಲ್ಲ ನಾವು ಅದರಲ್ಲಿನ ಕೋಟಿಗಳ ಲೆಕ್ಕವನ್ನು ಚರ್ಚಿಸುತ್ತೇವೆ. ವರದಿ ಬರೆಯುವ ಸಂಸ್ಥೆಯ ತುದಿಯಲ್ಲಿ ಕುಳಿತವರು ಎಲ್ಲಿಂದ ಬಂದರು, ಯಾರು ಅವರನ್ನು ಕರೆತಂದರು, ಅವಧಿ ಮುಗಿದ ಮೇಲೆ ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಚರ್ಚಿಸುವುದು ಅಪರೂಪ. ಆಡಳಿತದ ಕಡತಗಳ ನಡುವೆ ದಶಕಗಳನ್ನು ಕಳೆದ ನನ್ನಂಥವರ ಅನುಭವ ಹೇಳುವುದಾದರೆ, ಅಧಿಕಾರಿಯ ಲೇಖನಿಯನ್ನು ಬಾಗಿಸುವುದು ಬಹುಪಾಲು ಸಂದರ್ಭಗಳಲ್ಲಿ ಲಂಚವೂ ಅಲ್ಲ, ಬೆದರಿಕೆಯೂ ಅಲ್ಲ. ಹಿಂದೆ ಪಡೆದ ಉಪಕಾರದ ನೆನಪು ಮತ್ತು ಮುಂದೆ ದೊರೆಯಬಹುದಾದ ಹುದ್ದೆಯ ನಿರೀಕ್ಷೆ ಇವೆರಡೇ ಆ ಕೆಲಸಕ್ಕೆ ಸಾಕು. ಅರ್ಥಶಾಸ್ತ್ರ ಓದಿದವರಿಗೆ ಇದು ಹೊಸದಲ್ಲ: ಮನುಷ್ಯನ ಇಂದಿನ ನಡವಳಿಕೆಯನ್ನು ಇಂದಿನ ಸಂಬಳ ನಿರ್ಧರಿಸುವಷ್ಟೇ ನಾಳಿನ ನಿರೀಕ್ಷೆಯೂ ನಿರ್ಧರಿಸುತ್ತದೆ. ನಿವೃತ್ತಿಗೆ ಒಂದೆರಡು ವರ್ಷ ಉಳಿದಿರುವಾಗ ಹಿರಿಯ ಅಧಿಕಾರಿಗಳ ಟಿಪ್ಪಣಿಗಳ ಭಾಷೆ ಮೆತ್ತಗಾಗುವುದನ್ನು ಸಚಿವಾಲಯದಲ್ಲಿ ಕೆಲಸ ಮಾಡಿದ ಯಾರೂ ಬಲ್ಲರು.

ಸಂವಿಧಾನ ರಚಿಸಿದವರಿಗೆ ಈ ಮಾನವ ಸ್ವಭಾವದ ಅರಿವಿತ್ತು. 1949ರ ಮೇ ತಿಂಗಳಿನಲ್ಲಿ ಸಂವಿಧಾನ ಸಭೆಯಲ್ಲಿ ಮಾತನಾಡಿದ ಡಾ. ಅಂಬೇಡ್ಕರ್, ಈ ಅಧಿಕಾರಿ ಬಹುಶಃ ಸಂವಿಧಾನದಲ್ಲೇ ಅತ್ಯಂತ ಮುಖ್ಯರು, ಅವರ ಕರ್ತವ್ಯ ನ್ಯಾಯಾಂಗದ ಕರ್ತವ್ಯಕ್ಕಿಂತಲೂ ಹಿರಿದು ಎಂಬ ಅಭಿಪ್ರಾಯ ಕೊಟ್ಟಿದ್ದರು. ಅದಕ್ಕೆ ತಕ್ಕಂತೆ 148ನೇ ವಿಧಿ ರೂಪುಗೊಂಡಿತು. ಸಿಎಜಿಯನ್ನು ಪದಚ್ಯುತಗೊಳಿಸಬೇಕಾದರೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗೆ ಅನ್ವಯಿಸುವ ಕ್ರಮವನ್ನೇ ಅನುಸರಿಸಬೇಕು. ನೇಮಕವಾದ ಮೇಲೆ ಅವರ ಸಂಬಳ ಸವಲತ್ತುಗಳನ್ನು ಕಡಿತ ಮಾಡುವಂತಿಲ್ಲ. ಅವರ ಕಚೇರಿಯ ಆಡಳಿತ ವೆಚ್ಚಕ್ಕೆ ಸಂಸತ್ತಿನ ಮತದ ಹಂಗಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಹುದ್ದೆ ಬಿಟ್ಟ ಮೇಲೆ ಅವರು ಕೇಂದ್ರ ಸರ್ಕಾರದಲ್ಲಾಗಲಿ ಯಾವುದೇ ರಾಜ್ಯ ಸರ್ಕಾರದಲ್ಲಾಗಲಿ ಮತ್ತೊಂದು ಹುದ್ದೆ ಹೊಂದಲು ಅರ್ಹರಲ್ಲ ಎಂದು ಆ ವಿಧಿಯ ನಾಲ್ಕನೆಯ ಖಂಡ ಸಾರುತ್ತದೆ. 1971ರ ಕಾಯ್ದೆ ಅವರ ಅವಧಿಯನ್ನು ಆರು ವರ್ಷ ಅಥವಾ 65ನೇ ವಯಸ್ಸು, ಯಾವುದು ಮೊದಲೋ ಅದು ಎಂದು ನಿಗದಿಪಡಿಸಿದೆ.

ಕಾಗದದ ಮೇಲೆ ಹಿಂಬಾಗಿಲು ಹೀಗೆ ಮುಚ್ಚಿದೆ. ಆದರೆ ಅದರ ಅಗುಳಿ ಆರಂಭದಿಂದಲೂ ಸಡಿಲವಾಗಿಯೇ ಇತ್ತು. ಎರಡನೆಯ ಸಿಎಜಿ ಎ.ಕೆ. ಚಂದ ಅವರು 1960ರಲ್ಲಿ ಹುದ್ದೆ ಬಿಟ್ಟರು; ಅದೇ ವರ್ಷ ಮೂರನೆಯ ಹಣಕಾಸು ಆಯೋಗದ ಅಧ್ಯಕ್ಷರಾದರು. 1984ರಿಂದ 1990ರವರೆಗೆ ಸಿಎಜಿ ಆಗಿದ್ದ ಟಿ.ಎನ್. ಚತುರ್ವೇದಿ ಅವರ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. ಅವರ ಕಾಲದ ಬೊಫೋರ್ಸ್ ವರದಿ 1989ರಲ್ಲಿ ಸಂಸತ್ತಿನ ಮುಂದೆ ಬಂದಾಗ ವಿರೋಧ ಪಕ್ಷಗಳ ಲೋಕಸಭಾ ಸದಸ್ಯರು ಸಾಮೂಹಿಕವಾಗಿ ರಾಜೀನಾಮೆ ಕೊಟ್ಟಿದ್ದರು. ಮುಂದೆ 1992ರಲ್ಲಿ ಅವರು ಭಾರತೀಯ ಜನತಾ ಪಕ್ಷದಿಂದ ರಾಜ್ಯಸಭೆಗೆ ಹೋದರು. 2002ರಿಂದ 2007ರವರೆಗೆ ನಮ್ಮ ರಾಜ್ಯದ ರಾಜ್ಯಪಾಲರಾಗಿದ್ದರು. ಇದರಲ್ಲಿ ಕಾನೂನಿನ ಉಲ್ಲಂಘನೆ ಏನೂ ಇರಲಿಲ್ಲ. ರಾಜ್ಯಪಾಲರ ಹುದ್ದೆ ಭಾರತ ಸರ್ಕಾರದ ಅಡಿಯ ಉದ್ಯೋಗವಲ್ಲ ಎಂದು ಲೋಕಸೇವಾ ಆಯೋಗದ ಮಾಜಿ ಸದಸ್ಯರೊಬ್ಬರಿಗೆ ಸಂಬಂಧಿಸಿದ ರಘುಕುಲ ತಿಲಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1979ರಲ್ಲೇ ಹೇಳಿತ್ತು. ತೀರ್ಪು ತನ್ನ ನೆಲೆಯಲ್ಲಿ ಸರಿಯೇ ಇರಬಹುದು. ಆದರೆ ಅದರ ಪರಿಣಾಮವಾಗಿ, ಸಂವಿಧಾನ ಮುಚ್ಚಲು ಬಯಸಿದ ಹಾದಿಯ ಪಕ್ಕದಲ್ಲೇ ಇನ್ನೊಂದು ಹಾದಿ ತೆರೆದುಕೊಂಡಿತು. 2ಜಿ ತರಂಗಾಂತರ ವರದಿಯಿಂದ ಮನೆಮಾತಾದ ವಿನೋದ್ ರಾಯ್ ಅವರು 2016ರಲ್ಲಿ ಕೇಂದ್ರ ಸರ್ಕಾರ ರಚಿಸಿದ ಬ್ಯಾಂಕ್ಸ್ ಬೋರ್ಡ್ ಬ್ಯೂರೋದ ಮೊದಲ ಅಧ್ಯಕ್ಷರಾದಾಗಲೂ ಈ ಪ್ರಶ್ನೆ ಎದ್ದು ಅಡಗಿತು.

ಇಲ್ಲಿ ಹೆಸರಿಸಿದ ಯಾರ ಪ್ರಾಮಾಣಿಕತೆಯನ್ನೂ ಪ್ರಶ್ನಿಸುವುದು ನನ್ನ ಉದ್ದೇಶವಲ್ಲ. ಆದರೆ ಲೆಕ್ಕಪರಿಶೋಧಕರ ಮಾತಿಗೆ ಇರುವ ಏಕೈಕ ಬಲ ನಂಬಿಕೆ. ಅವರು ಯಾರನ್ನೂ ಬಂಧಿಸಲಾರರು, ದಂಡ ವಿಧಿಸಲಾರರು. ಒಂದು ಸರ್ಕಾರವನ್ನು ಅಲುಗಾಡಿಸಿದ ವರದಿಯ ಹಿಂದಿನ ಅಧಿಕಾರಿ ಮುಂದೆ ಎದುರು ಪಕ್ಷದ ಆಸನದಲ್ಲಿ ಕಾಣಿಸಿಕೊಂಡರೆ, ಹಿಂದಿನ ವರದಿಯ ಪ್ರತಿ ಸಾಲನ್ನೂ ಅನುಮಾನದಿಂದ ಓದಲು ವಿರೋಧಿಗಳಿಗೆ ನೆಪ ದೊರೆಯುತ್ತದೆ. ನಿಷ್ಪಕ್ಷಪಾತಿಯ ಶ್ರಮವೂ ಹೀಗೆ ವ್ಯರ್ಥವಾಗುತ್ತದೆ.

ಹಿಂಬಾಗಿಲ ಸ್ಥಿತಿ ಇದಾದರೆ ಮುಂಬಾಗಿಲಿಗೆ ಕದವೇ ಇಲ್ಲ. ಸಿಎಜಿ ನೇಮಕಕ್ಕೆ ಅರ್ಹತೆ ಏನಿರಬೇಕೆಂದು ಸಂವಿಧಾನವೂ ಹೇಳಿಲ್ಲ, ಕಾಯ್ದೆಯೂ ಹೇಳಿಲ್ಲ. ಆಯ್ಕೆ ಸಮಿತಿ ಇಲ್ಲ, ವಿರೋಧ ಪಕ್ಷದ ನಾಯಕರೊಂದಿಗೆ ಸಮಾಲೋಚನೆ ಇಲ್ಲ. ಸರ್ಕಾರ ಹೆಸರು ಸೂಚಿಸುತ್ತದೆ, ರಾಷ್ಟ್ರಪತಿ ಅಂಕಿತ ಹಾಕುತ್ತಾರೆ. ಅಂದರೆ ಯಾರ ಲೆಕ್ಕವನ್ನು ನೋಡಬೇಕೋ ಅವರೇ ಲೆಕ್ಕ ನೋಡುವವರನ್ನು ಆರಿಸುತ್ತಾರೆ. ಮೊದಲ ಸಿಎಜಿ ವಿ. ನರಹರಿ ರಾವ್ ಲೆಕ್ಕಪರಿಶೋಧನಾ ಸೇವೆಯಿಂದಲೇ ಬಂದವರು. 1984ರಿಂದೀಚೆಗೆ ಬಂದವರೆಲ್ಲರೂ ಐಎಎಸ್ ಅಧಿಕಾರಿಗಳು; ಬಹುಪಾಲು ಮಂದಿ ಕೇಂದ್ರದ ದೊಡ್ಡ ಸಚಿವಾಲಯಗಳಲ್ಲಿ ಕಾರ್ಯದರ್ಶಿಗಳಾಗಿದ್ದವರು. ಶಶಿಕಾಂತ ಶರ್ಮ ಅವರು 2013ರಲ್ಲಿ ರಕ್ಷಣಾ ಕಾರ್ಯದರ್ಶಿ ಹುದ್ದೆಯಿಂದ ನೇರವಾಗಿ ಸಿಎಜಿ ಕುರ್ಚಿಗೆ ಬಂದರು. ರಕ್ಷಣಾ ಖರೀದಿಯ ಕಡತಗಳಿಗೆ ಸಹಿ ಹಾಕಿದ ಕೈ, ಅದೇ ಕಡತಗಳ ಪರಿಶೋಧನೆಯ ವರದಿಗೂ ಸಹಿ ಹಾಕುವ ಸ್ಥಿತಿ ಉಂಟಾಯಿತು. ಬ್ಯಾಂಕಿನ ಒಂದು ಶಾಖೆಯಲ್ಲೂ ಇಂಥ ಏರ್ಪಾಡನ್ನು ಯಾರೂ ಒಪ್ಪುವುದಿಲ್ಲ.

ಇದಕ್ಕೆ ಪ್ರತಿಯಾಗಿ, ಆಡಳಿತವನ್ನು ಒಳಗಿನಿಂದ ಬಲ್ಲವರೇ ಅದರ ಹುಳುಕನ್ನು ಹಿಡಿಯಬಲ್ಲರು ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ನಮ್ಮ ಕೊಡಗಿನವರೇ ಆದ ಸಿ.ಜಿ. ಸೋಮಯ್ಯ ಅವರ ವೃತ್ತಿಜೀವನವೇ ಇದಕ್ಕೆ ನಿದರ್ಶನ. ಒಡಿಶಾ ಕೇಡರ್‌ನ ಐಎಎಸ್ ಅಧಿಕಾರಿಯಾಗಿದ್ದ ಅವರು ಕೇಂದ್ರ ಗೃಹ ಕಾರ್ಯದರ್ಶಿಯಾಗಿ, ಬಳಿಕ ಕೇಂದ್ರ ಜಾಗೃತ ಆಯುಕ್ತರಾಗಿ, 1990ರಿಂದ 1996ರವರೆಗೆ ಸಿಎಜಿಯಾಗಿ ಕೆಲಸ ಮಾಡಿದರು. ಅವರ ಅವಧಿಯಲ್ಲೇ, 1993ರಲ್ಲಿ, ವಿಶ್ವಸಂಸ್ಥೆಯ ಲೆಕ್ಕಪರಿಶೋಧಕರ ಮಂಡಳಿಯಲ್ಲಿ ಭಾರತದ ಸಿಎಜಿಗೆ ಸ್ಥಾನ ದೊರೆಯಿತು. 2010ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು, ಪ್ರಾಮಾಣಿಕರು ಸದಾ ಒಂಟಿ ಎಂಬ ಅರ್ಥದ್ದು. ಆದರೆ ಆ ಶೀರ್ಷಿಕೆಯೇ ನನ್ನ ವಾದಕ್ಕೆ ಬೆಂಬಲವಾಗಿದೆ. ಪ್ರಾಮಾಣಿಕರು ಒಂಟಿಯಾಗಿಯೇ ನಿಲ್ಲಬೇಕಾದ ವ್ಯವಸ್ಥೆಯನ್ನು ವ್ಯವಸ್ಥೆ ಎನ್ನಲಾಗದು. ಒಳ್ಳೆಯವರು ಸಿಕ್ಕಾಗ ಯಾವ ನಿಯಮವಿದ್ದರೂ ಕೆಲಸ ನಡೆಯುತ್ತದೆ; ನಿಯಮ ಬೇಕಾಗುವುದು ಅವರು ಸಿಗದಿದ್ದಾಗ.

ಇತರ ಹುದ್ದೆಗಳಲ್ಲಿ ನಾವು ಈ ಪಾಠವನ್ನು ಕಲಿತಿದ್ದೇವೆ. ಕೇಂದ್ರ ಜಾಗೃತ ಆಯುಕ್ತರನ್ನು 2003ರ ಕಾಯ್ದೆಯ ಪ್ರಕಾರ ಪ್ರಧಾನಿ, ಗೃಹ ಸಚಿವ ಮತ್ತು ಲೋಕಸಭೆಯ ವಿರೋಧ ಪಕ್ಷದ ನಾಯಕರ ಸಮಿತಿ ಶಿಫಾರಸು ಮಾಡುತ್ತದೆ. ವಿರೋಧ ಪಕ್ಷದ ನಾಯಕಿಯ ಆಕ್ಷೇಪವನ್ನು ಬದಿಗೊತ್ತಿ ಪಿ.ಜೆ. ಥಾಮಸ್ ಅವರನ್ನು ನೇಮಿಸಿದಾಗ, ಸುಪ್ರೀಂ ಕೋರ್ಟ್ 2011ರ ಮಾರ್ಚ್‌ನಲ್ಲಿ ಆ ನೇಮಕವನ್ನೇ ಅಸಿಂಧುಗೊಳಿಸಿತು. ವ್ಯಕ್ತಿಯ ಚಾರಿತ್ರ್ಯಕ್ಕಿಂತ ಸಂಸ್ಥೆಯ ಘನತೆ ಮುಖ್ಯ ಎಂಬುದು ಆ ತೀರ್ಪಿನ ತಿರುಳು. ಸಮಿತಿ ಇದ್ದುದರಿಂದಲೇ ಭಿನ್ನಾಭಿಪ್ರಾಯ ದಾಖಲಾಯಿತು. ದಾಖಲಾದುದರಿಂದಲೇ ನ್ಯಾಯಾಲಯಕ್ಕೆ ಪರಿಶೀಲಿಸಲು ಏನಾದರೂ ಸಿಕ್ಕಿತು. ಬ್ರಿಟನ್‌ನಲ್ಲಿ ಪ್ರಧಾನಿಯು ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷರ ಒಪ್ಪಿಗೆ ಪಡೆದೇ ಮಹಾಲೇಖಪಾಲರ ಹೆಸರನ್ನು ಸಂಸತ್ತಿನ ಮುಂದಿಡಬೇಕು. ಅವಧಿ ಹತ್ತು ವರ್ಷ, ಮರುನೇಮಕ ಇಲ್ಲ. ಅಮೆರಿಕದಲ್ಲಿ ಅವಧಿ ಹದಿನೈದು ವರ್ಷ. ಹೆಸರು ಸೂಚಿಸುವುದು ಅಲ್ಲಿನ ಶಾಸನಸಭೆಯ ಎರಡೂ ಪಕ್ಷಗಳ ನಾಯಕರಿರುವ ಆಯೋಗ.

ನಮ್ಮ ರಾಜ್ಯದ ಅನುಭವವೂ ಬೇರೆಯಲ್ಲ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ಅಂತಿಮ ವರದಿ ಸಲ್ಲಿಸಿದ್ದು 2011ರ ಜುಲೈ 27ರಂದು, ತಮ್ಮ ಅವಧಿ ಮುಗಿಯಲು ಇನ್ನು ಕೆಲವೇ ದಿನಗಳಿರುವಾಗ. ಜುಲೈ 31ರಂದು ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಆ ಬಳಿಕ ಆದದ್ದೇನು? ಹೆಗ್ಡೆಯವರ ನಂತರ ಬಂದವರು ಸೆಪ್ಟೆಂಬರ್‌ನಲ್ಲೇ ಹುದ್ದೆ ಬಿಟ್ಟರು. 2013ರ ಫೆಬ್ರುವರಿಯವರೆಗೆ ರಾಜ್ಯಕ್ಕೆ ಲೋಕಾಯುಕ್ತರೇ ಇರಲಿಲ್ಲ. 2015ರ ಡಿಸೆಂಬರ್‌ನಿಂದ 2017ರ ಜನವರಿಯವರೆಗೆ ಮತ್ತೊಮ್ಮೆ ಕುರ್ಚಿ ಖಾಲಿ ಉಳಿಯಿತು. ಆ ನಡುವೆಯೇ, 2016ರ ಮಾರ್ಚ್‌ನಲ್ಲಿ, ಸರ್ಕಾರದ ಅಧೀನದಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಹುಟ್ಟಿಕೊಂಡಿತು. ಅದನ್ನು ಹೈಕೋರ್ಟ್ ರದ್ದುಪಡಿಸಿದ್ದು 2022ರ ಆಗಸ್ಟ್‌ನಲ್ಲಿ. ಕಾವಲುಗಾರನನ್ನು ದುರ್ಬಲಗೊಳಿಸಲು ಆತನನ್ನು ಖರೀದಿಸಬೇಕಿಲ್ಲ, ಬಾಗಿಸಬೇಕಿಲ್ಲ. ನೇಮಿಸದೆ ಸುಮ್ಮನಿದ್ದರೂ ಆಯಿತು. ಜೊತೆಗೆ, ಲೋಕಾಯುಕ್ತ ಸಂಸ್ಥೆಯ ತನಿಖಾಧಿಕಾರಿಗಳು ಎರವಲು ಸೇವೆಯ ಮೇಲೆ ಬಂದವರು. ಇಂದು ಯಾರ ವಿರುದ್ಧ ತನಿಖೆ ನಡೆಸುತ್ತಾರೋ ನಾಳೆ ಅದೇ ಆಡಳಿತದ ಅಡಿಯಲ್ಲಿ ವರ್ಗಾವಣೆಗೆ, ಬಡ್ತಿಗೆ ಕಾಯಬೇಕಾದವರು.

ಇದು ಬೆಂಗಳೂರು, ದೆಹಲಿಗಳ ದೊಡ್ಡ ಕುರ್ಚಿಗಳ ವಿಷಯ ಮಾತ್ರ ಎಂದು ಭಾವಿಸಬೇಕಿಲ್ಲ. ನಗರಗೆರೆಯಂಥ ಗ್ರಾಮ ಪಂಚಾಯಿತಿಯ ಲೆಕ್ಕವನ್ನು ಪರಿಶೋಧಿಸುವುದು ರಾಜ್ಯದ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ. ಅದು ಆರ್ಥಿಕ ಇಲಾಖೆಯ ಅಧೀನದಲ್ಲಿದೆ. ಇದೇ ಇಲಾಖೆಯ ಅಧಿಕಾರಿಗಳು ಜಿಲ್ಲಾ ಪಂಚಾಯಿತಿಗಳಲ್ಲಿ, ನಿಗಮಗಳಲ್ಲಿ, ವಿವಿಧ ಇಲಾಖೆಗಳಲ್ಲಿ ಲೆಕ್ಕಾಧಿಕಾರಿಗಳಾಗಿಯೂ ಕೆಲಸ ಮಾಡುತ್ತಾರೆ. ಒಬ್ಬರೇ ಅಧಿಕಾರಿ ಒಂದು ವರ್ಷ ಲೆಕ್ಕ ಬರೆಯುವ ಕಡೆ, ಮತ್ತೊಂದು ವರ್ಷ ಅದನ್ನು ನೋಡುವ ಕಡೆ ಇರಬಲ್ಲರು. ಸಹೋದ್ಯೋಗಿಯ ಬಿಲ್ಲಿಗೆ ಆಕ್ಷೇಪಣೆ ಬರೆಯುವಾಗ, ಮುಂದಿನ ವರ್ಷ ತಾನೂ ಅದೇ ಮೇಜಿನಲ್ಲಿ ಕುಳಿತುಕೊಳ್ಳಬೇಕಾದೀತು ಎಂಬ ಯೋಚನೆ ಬಾರದಿರುತ್ತದೆಯೇ? ಊರಿಗೆ ಮಂಜೂರಾದ ನೀರಿನ ಟ್ಯಾಂಕು ಕಾಗದದಲ್ಲಿ ಕಟ್ಟಿ ಮುಗಿದಿದೆಯೋ ನೆಲದ ಮೇಲೆ ಕಟ್ಟಿ ಮುಗಿದಿದೆಯೋ ಎಂದು ಖಚಿತಪಡಿಸಬೇಕಾದವರು ಇವರೇ.

ಆಗಬೇಕಾದ ಕೆಲಸಗಳು ಅಸಾಧ್ಯವಾದವೇನಲ್ಲ. ಮೊದಲನೆಯದಾಗಿ, ಸಿಎಜಿ ಆಯ್ಕೆಗೆ ಪ್ರಧಾನಿ, ವಿರೋಧ ಪಕ್ಷದ ನಾಯಕ, ಲೋಕಸಭಾಧ್ಯಕ್ಷ ಮತ್ತು ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷರಿರುವ ಸಮಿತಿ ಬೇಕು. ಪರಿಶೀಲಿಸಿದ ಹೆಸರುಗಳು ಮತ್ತು ಆಯ್ಕೆಯ ಕಾರಣಗಳು ದಾಖಲಾಗಬೇಕು. ಎರಡನೆಯದಾಗಿ, ತಾವೇ ನಿರ್ಧಾರ ಕೈಗೊಂಡಿದ್ದ ಇಲಾಖೆಯ ಆ ಅವಧಿಯ ಲೆಕ್ಕಪರಿಶೋಧನೆಯಿಂದ ಸಿಎಜಿ ದೂರ ಉಳಿಯುವ ಸ್ಪಷ್ಟ ನಿಯಮವಿರಬೇಕು. ಮೂರನೆಯದಾಗಿ, 148ನೇ ವಿಧಿಯಲ್ಲಿನ ಹುದ್ದೆ ಎಂಬ ಪದದ ವ್ಯಾಪ್ತಿಗೆ ರಾಜ್ಯಪಾಲರ ಸ್ಥಾನ, ಆಯೋಗಗಳು ಮತ್ತು ಸರ್ಕಾರ ರಚಿಸುವ ಮಂಡಳಿಗಳನ್ನು ಸೇರಿಸುವ ತಿದ್ದುಪಡಿ ಬೇಕು. ಪಕ್ಷ ರಾಜಕಾರಣ ಪ್ರವೇಶಕ್ಕೆ ಕನಿಷ್ಠ ಐದು ವರ್ಷಗಳ ಅಂತರವಿರಬೇಕು. ನಾಲ್ಕನೆಯದಾಗಿ, ಲೋಕಾಯುಕ್ತರ ಅವಧಿ ಮುಗಿಯುವ ಆರು ತಿಂಗಳ ಮೊದಲೇ ಆಯ್ಕೆ ಪ್ರಕ್ರಿಯೆ ಆರಂಭವಾಗುವಂತೆ ಕಾಯ್ದೆಯೇ ಕಟ್ಟುಪಾಡು ಹಾಕಬೇಕು. ಐದನೆಯದಾಗಿ, ರಾಜ್ಯದಲ್ಲಿ ಲೆಕ್ಕ ಬರೆಯುವ ವೃಂದ ಮತ್ತು ಲೆಕ್ಕ ನೋಡುವ ವೃಂದ ಬೇರೆ ಬೇರೆಯಾಗಬೇಕು. ಈ ಕೊನೆಯ ಎರಡನ್ನು ಮಾಡಲು ವಿಧಾನಸೌಧ ದೆಹಲಿಯತ್ತ ನೋಡಬೇಕಿಲ್ಲ.

ಅನುಭವಿಗಳ ಜ್ಞಾನ ವ್ಯರ್ಥವಾಗುತ್ತದೆ ಎಂದು ಮರುಗುವವರಿದ್ದಾರೆ. ನಿವೃತ್ತ ಸಿಎಜಿ ಪಾಠ ಹೇಳಲಿ, ಪುಸ್ತಕ ಬರೆಯಲಿ, ಯುವ ಅಧಿಕಾರಿಗಳಿಗೆ ಮಾರ್ಗದರ್ಶನ ಮಾಡಲಿ, ಅದಕ್ಕೆ ಅಡ್ಡಿಯಿಲ್ಲ. ಸರ್ಕಾರದ ಕೃಪೆಯಿಂದ ಮಾತ್ರ ದೊರೆಯುವ ಸ್ಥಾನಗಳಷ್ಟೇ ನಿಷಿದ್ಧವಾಗಬೇಕು. ಬಾಳಿನುದ್ದಕ್ಕೂ ಬೊಕ್ಕಸದಿಂದ ಪಿಂಚಣಿ ಪಡೆಯುವವರ ಮೇಲೆ ಇಷ್ಟು ನಿರ್ಬಂಧ ಹೇರುವುದು ಅನ್ಯಾಯವೇನಲ್ಲ.

ಸಿಎಜಿ ನೇಮಕದ ವಿಧಾನವನ್ನು ಪ್ರಶ್ನಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ಮೇಲೆ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಕೇಂದ್ರಕ್ಕೆ ನೋಟಿಸ್ ನೀಡಿತು. ಆದರೆ ಎಲ್ಲವನ್ನೂ ನ್ಯಾಯಾಲಯದ ಅಂಗಳಕ್ಕೆ ತಳ್ಳಿ ಸಂಸತ್ತು ಕೈತೊಳೆದುಕೊಳ್ಳುವುದು ಸರಿಯಲ್ಲ. ಅಧಿಕಾರದಲ್ಲಿರುವಾಗ ಸಿಎಜಿಯನ್ನು ಶಂಕಿಸುವ, ವಿರೋಧ ಪಕ್ಷದಲ್ಲಿರುವಾಗ ಅದೇ ಸಿಎಜಿಯ ವರದಿಯನ್ನು ತಲೆಯ ಮೇಲೆ ಹೊತ್ತು ಮೆರೆಸುವ ಪಕ್ಷಗಳೆಲ್ಲವೂ ಈ ಒಂದು ವಿಷಯದಲ್ಲಿ ಒಮ್ಮತಕ್ಕೆ ಬರಬಹುದು. ಏಕೆಂದರೆ ಇಂದು ಆಳುವವರು ನಾಳೆ ಲೆಕ್ಕ ಕೇಳುವ ಸ್ಥಾನಕ್ಕೆ ಬಂದೇ ಬರುತ್ತಾರೆ. ಬರುವಾಗ ಯಾರಿಗೂ ಋಣಿಯಾಗಿರಬೇಕಿಲ್ಲದ, ಹೋಗುವಾಗ ಯಾರಿಂದಲೂ ಏನನ್ನೂ ಬಯಸಬೇಕಿಲ್ಲದ ಅಧಿಕಾರಿಯೊಬ್ಬರು 23,251 ಕೋಟಿಯ ಲೆಕ್ಕ ಸರಿಯಿದೆ ಎಂದರೂ ಜನ ಒಪ್ಪುತ್ತಾರೆ, ಸರಿಯಿಲ್ಲ ಎಂದರೂ ನಂಬುತ್ತಾರೆ. ಆ ನಂಬಿಕೆಯನ್ನು ಗಳಿಸಿಕೊಳ್ಳಲು ಸರ್ಕಾರಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.